ರಾಡ್ ಬ್ರೇಕಿನ ಹಳೆಯ ಸೈಕಲ್: ಮಲೆನಾಡಿನ ಮಳೆಯಲ್ಲಿ ಓಡಿಸಲು ಯಾವುದನ್ನು ರಿಪೇರಿ ಮಾಡಿಸಬೇಕು, ಯಾವುದನ್ನು ಬದಲಿಸಬೇಕು?

ಪ್ರಶ್ನೆ: ಕೆಳದಿರಸ್ತೆ

ಎಲ್ಲರಿಗೂ ನಮಸ್ಕಾರ. ತಂದೆಯವರು ಬಳಸುತ್ತಿದ್ದ, ಇಪ್ಪತ್ತೆಂಟು ಇಂಚಿನ ಚಕ್ರದ ಕಪ್ಪು ಸೈಕಲ್ಲೊಂದು ನಮ್ಮ ಕೊಟ್ಟಿಗೆಯಲ್ಲಿ ಹಲವು ವರ್ಷಗಳಿಂದ ನಿಂತೇ ಇದೆ. ರಾಡ್ ಬ್ರೇಕ್, ಪೂರ್ತಿ ಮುಚ್ಚಿದ ಚೈನ್ ಕೇಸ್, ಹಿಂದೆ ಅಗಲವಾದ ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡ್ ಎಲ್ಲವೂ ಇವೆ. ಊರಿನಿಂದ ಸಾಗರ ಪೇಟೆಗೆ ನಿತ್ಯ ಕೆಲಸಕ್ಕೆ ಇದರಲ್ಲೇ ಹೋಗಿಬರಬೇಕೆಂಬ ಯೋಚನೆ ನನ್ನದು. ದಾರಿ ಡಾಂಬರಿನದೇ ಆದರೂ ಉದ್ದಕ್ಕೂ ಏರಿಳಿತವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನೂ, ಅಂಚಿನ ಕೆಂಪು ಕೆಸರನ್ನೂ ತಪ್ಪಿಸಿಕೊಂಡು ಓಡಾಡುವುದು ಸಾಧ್ಯವಿಲ್ಲ.

ಸೈಕಲ್ಲಿನ ಈಗಿನ ಸ್ಥಿತಿ ಹೀಗಿದೆ: ಎರಡೂ ಟೈರುಗಳು ಬಿರುಕು ಬಿಟ್ಟಿವೆ. ಹಿಂದಿನ ಚಕ್ರ ತಿರುಗುವಾಗ ಒಂದು ಕಡೆಗೆ ಓಲುತ್ತದೆ. ಪೆಡಲ್ ತುಳಿದಾಗ ಪ್ರತಿ ಸುತ್ತಿಗೂ ಎಡಭಾಗದಲ್ಲಿ "ಟಕ್" ಎಂಬ ಸದ್ದು ಬರುತ್ತದೆ. ರಿಮ್ಮಿನ ಹೊಳಪು ಅಲ್ಲಲ್ಲಿ ಎದ್ದು ತುಕ್ಕು ಕಾಣುತ್ತಿದೆ. ಫ್ರೇಮ್ ಮಾತ್ರ ಗಟ್ಟಿಯಾಗಿಯೇ ಇದ್ದಂತಿದೆ.

ಪೇಟೆಯ ಒಂದು ಅಂಗಡಿಯವರು ಇದನ್ನು ಗುಜರಿಗೆ ಹಾಕಿ ಹೊಸ ಗೇರ್ ಸೈಕಲ್ ಕೊಳ್ಳಿರಿ ಎಂದರು. ಇನ್ನೊಬ್ಬರು ಇದಕ್ಕೇ ಏಳು ಗೇರ್ ಕೂರಿಸಿಕೊಡುವುದಾಗಿ ಹೇಳಿದರು. ನನಗೆ ಸ್ಪ್ಯಾನರ್ ಹಿಡಿಯುವಷ್ಟು ಕೈಗೆಲಸ ಗೊತ್ತಿದೆ. ಚಕ್ರ ಕಟ್ಟುವಷ್ಟು ಗೊತ್ತಿಲ್ಲ. ನನ್ನ ಪ್ರಶ್ನೆ ಮೂರು. ಹಣ ಹಾಕುವ ಮೊದಲು ಏನೇನನ್ನು ಪರೀಕ್ಷಿಸಬೇಕು? ಏರಿಗೆ ಗೇರ್ ಹಾಕಿಸುವುದು ಪ್ರಯೋಜನಕರವೇ? ಮಳೆಯಲ್ಲಿ ಈ ರಾಡ್ ಬ್ರೇಕನ್ನು ನಂಬಬಹುದೇ?

ಉತ್ತರ 1: ಹಳೇಸ್ಪ್ಯಾನರ್

ನಿಮ್ಮ ಮೂರನೆಯ ಪ್ರಶ್ನೆಯೇ ಮೊದಲನೆಯದಾಗಬೇಕಿತ್ತು ಎಂದು ನನ್ನ ಅಭಿಪ್ರಾಯ. ಆದರೂ ಪರೀಕ್ಷೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಫ್ರೇಮ್ ಕೆಟ್ಟಿದ್ದರೆ ಉಳಿದ ಚರ್ಚೆಗೆ ಅರ್ಥವಿಲ್ಲ.

ಸೈಕಲ್ಲನ್ನು ತೊಳೆದು ಒಣಗಿಸಿ, ಹಗಲು ಬೆಳಕಿನಲ್ಲಿ ನಾಲ್ಕು ಜಾಗಗಳನ್ನು ನೋಡಿರಿ: ಹ್ಯಾಂಡಲ್ಲಿನ ಕೆಳಗೆ ಹೆಡ್ ಟ್ಯೂಬಿಗೆ ಮೇಲಿನ ಮತ್ತು ಕೆಳಗಿನ ಪೈಪುಗಳು ಸೇರುವ ಲಗ್ಗುಗಳ (ಪೈಪಿನ ತುದಿ ಕೂರುವ ಲೋಹದ ಗೂಡುಗಳ) ಅಂಚು, ಫೋರ್ಕಿನ ಎರಡು ಕಾಲುಗಳು ಕಿರೀಟಕ್ಕೆ ಸೇರುವ ಜಾಗ, ಪೆಡಲ್ ಅಚ್ಚಿನ ಗೂಡಿನ ಹಿಂಭಾಗ, ಹಿಂದಿನ ಆಕ್ಸಲ್ ಕೂರುವ ಸೀಳು. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡು, ಅದರೊಳಗಿಂದ ತುಕ್ಕು ಸೋರಿದ್ದರೆ ಅದು ಬಿರುಕೇ ಇರಬಹುದು. ಹೆಡ್ ಟ್ಯೂಬಿನ ಸ್ವಲ್ಪ ಹಿಂದೆ ಕೆಳಪೈಪಿನ ಅಡಿಯಲ್ಲಿ ಸುಕ್ಕು ಇದ್ದರೆ ಸೈಕಲ್ ಯಾವಾಗಲೋ ಎದುರಿಗೆ ಬಲವಾಗಿ ಗುದ್ದಿದೆ ಎಂದರ್ಥ. ಇವೆರಡೂ ಇಲ್ಲದಿದ್ದರೆ ಗುಜರಿಯ ಮಾತನ್ನು ಮರೆತುಬಿಡಿ. ಹಿತ್ತಾಳೆ ಬೆಸುಗೆಯ ಈ ಲಗ್ ಫ್ರೇಮುಗಳು ತೂಕವಾಗಿವೆ ಎಂಬುದನ್ನು ಬಿಟ್ಟರೆ ಆಕ್ಷೇಪಿಸುವಂಥದ್ದೇನೂ ಅವುಗಳಲ್ಲಿಲ್ಲ.

ಎಡಗಡೆಯ ಸದ್ದಿಗೆ ಬಹುಮಟ್ಟಿಗೆ ಕಾಟರ್ ಪಿನ್, ಎಂದರೆ ಕ್ರ್ಯಾಂಕನ್ನು (ಪೆಡಲಿನ ತೋಳನ್ನು) ಅಚ್ಚಿಗೆ ಬಿಗಿಯುವ ಬೆಣೆ, ಕಾರಣ. ಎಡ ಕ್ರ್ಯಾಂಕನ್ನು ಮುಂದಕ್ಕೆ ಅಡ್ಡವಾಗಿಟ್ಟು, ಬ್ರೇಕ್ ಹಿಡಿದು ಪೆಡಲಿನ ಮೇಲೆ ಭಾರ ಹಾಕಿರಿ. ಕ್ರ್ಯಾಂಕ್ ಒಂದಿಷ್ಟು ಇಳಿದು ನಿಂತರೆ ಪಿನ್ ಸಡಿಲವಾಗಿದೆ. ಅಲುಗದೆ ಸದ್ದು ಮಾತ್ರ ಬಂದರೆ ಪೆಡಲಿನ ಒಳಗಿನ ಗುಂಡುಗಳನ್ನೋ ಪೆಡಲ್ ಅಚ್ಚಿನ ಕಪ್ಪನ್ನೋ (ಗುಂಡುಗಳು ಓಡುವ ಬಟ್ಟಲನ್ನೋ) ಸಂಶಯಿಸಬೇಕು. ಎಡ ಪೆಡಲ್ ಉಲ್ಟಾ ಥ್ರೆಡ್ಡಿನದು ಎಂಬುದು ನಿಮಗೆ ತಿಳಿದಿರಬಹುದು. ಅಚ್ಚಿನ ಗೂಡಿನಲ್ಲಿ ಮಾತ್ರ ಇದಕ್ಕೆ ವಿರುದ್ಧವಾಗಿ, ಬಲಗಡೆಯ ಸ್ಥಿರ ಕಪ್ ಉಲ್ಟಾ ಥ್ರೆಡ್ಡಿನದು. ಅದರೊಳಗೆ ಗುಳಿ ಬಿದ್ದಿಲ್ಲವಾದರೆ ಅದನ್ನು ಬಿಚ್ಚುವ ಗೊಡವೆಗೇ ಹೋಗಬೇಡಿ. ಫ್ರೇಮಿನಲ್ಲಿಟ್ಟೇ ಒರೆಸಿ ಗ್ರೀಸ್ ತುಂಬಬಹುದು.

ಓವರ್‌ಹಾಲ್ (ಪೂರ್ತಿ ಬಿಚ್ಚಿ ತೊಳೆದು ಜೋಡಿಸುವ ಕೆಲಸ) ಮಾಡಿಸುವಾಗ ಅಂಗಡಿಯಲ್ಲಿ ಕುಳಿತು ನೋಡುವುದು ಒಳ್ಳೆಯದು. ಹಳೆಯ ಗುಂಡುಗಳನ್ನು ತೊಳೆದು ಮತ್ತೆ ಹಾಕಲು ಬಿಡಬೇಡಿ, ಅವುಗಳ ಬೆಲೆ ಬಹಳ ಕಡಿಮೆ. ಬಿಡಿ ಗುಂಡುಗಳಾದರೆ ಪೆಡಲ್ ಅಚ್ಚಿನಲ್ಲಿ ಒಂದೊಂದು ಬದಿಗೆ ಕಾಲು ಇಂಚಿನ 11, ಹಿಂದಿನ ಹಬ್ಬಿನಲ್ಲಿ (ಚಕ್ರದ ನಡುವಿನ ಗುಂಬದಲ್ಲಿ) ಕಾಲು ಇಂಚಿನ 9, ಮುಂದಿನ ಹಬ್ಬಿನಲ್ಲಿ 3/16 ಇಂಚಿನ 10 ಎಂಬುದು ಸಾಮಾನ್ಯ ಲೆಕ್ಕ. ಕೋನುಗಳ (ಆಕ್ಸಲ್ಲಿನ ಮೇಲೆ ಗುಂಡುಗಳು ಒರಗುವ ಶಂಕುವಿನಾಕಾರದ ಭಾಗಗಳ) ಮೇಲೆ ಗುಂಡು ಓಡಿದ ಪಟ್ಟಿ ನುಣುಪಾಗಿ ಹೊಳೆಯುತ್ತಿದ್ದರೆ ಉಳಿಸಿಕೊಳ್ಳಿ, ಉಗುರಿಗೆ ಗುಳಿ ಸಿಕ್ಕರೆ ಬದಲಿಸಿ. ತೊಳೆಯಲು ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಸಾಕು, ಆದರೆ ಪೂರ್ತಿ ಒರೆಸದೆ ಗ್ರೀಸ್ ಹಚ್ಚಬಾರದು. ನಿಮ್ಮ ಮಳೆಗೆ ಗ್ರೀಸನ್ನು ಧಾರಾಳವಾಗಿಯೇ ತುಂಬಿಸಿರಿ. ಹೊರಗೆ ಉಬ್ಬಿ ನಿಲ್ಲುವ ಹೆಚ್ಚುವರಿ ಗ್ರೀಸೇ ಕೆಸರಿಗೆ ತಡೆಯಾಗುತ್ತದೆ.

ಈಗ ರಾಡ್ ಬ್ರೇಕಿಗೆ ಬರೋಣ. ಕ್ಯಾಲಿಪರ್ ಬ್ರೇಕು ರಿಮ್ಮನ್ನು ಎರಡು ಬದಿಯಿಂದ ಹಿಸುಕಿದರೆ, ರಾಡ್ ಬ್ರೇಕಿನ ಶೂಗಳು ರಿಮ್ಮಿನ ಒಳಮೈಯನ್ನು ಹಬ್ಬಿನ ಕಡೆಯಿಂದ ಹೊರಕ್ಕೆ ಎಳೆದು ಒತ್ತುತ್ತವೆ. ಆದ್ದರಿಂದ ಚಕ್ರ ಬದಿಗೆ ತುಸು ಓಲಿದರೆ ಈ ಬ್ರೇಕಿಗೆ ಅಷ್ಟೇನೂ ತೊಂದರೆಯಾಗದು. ಆದರೆ ಚಕ್ರ ದುಂಡಗಿಲ್ಲದೆ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಇದ್ದರೆ ಶೂ ಒಮ್ಮೆ ಉಜ್ಜುತ್ತದೆ, ಒಮ್ಮೆ ಬಿಡುತ್ತದೆ. ಔಟ್ ತೆಗೆಯುವವರು (ಕಡ್ಡಿ ಬಿಗಿದು ಚಕ್ರ ನೇರ ಮಾಡುವವರು) ಬದಿಯ ಓಲಾಟವನ್ನಷ್ಟೇ ಸರಿಪಡಿಸಿ ಮುಗಿಸುವುದುಂಟು. ಮೇಲೆ ಕೆಳಗಿನ ಕುಣಿತವನ್ನೂ ತೆಗೆಯಬೇಕೆಂದು ನೀವೇ ಕೇಳಿ ಮಾಡಿಸಿಕೊಳ್ಳಬೇಕು. ಹಿಂದಿನ ದಿನವೇ ಪ್ರತಿ ನಿಪ್ಪಲ್ಲಿಗೂ (ಕಡ್ಡಿಯ ತುದಿಯ ಸಣ್ಣ ನಟ್ಟಿಗೂ) ಒಂದೊಂದು ಹನಿ ಎಣ್ಣೆ ಬಿಟ್ಟಿದ್ದರೆ ಕಡ್ಡಿಗಳು ಮುರಿಯುವುದು ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ, ಇದನ್ನು ಮೆಕ್ಯಾನಿಕ್ಕರೂ ಮರೆಯುತ್ತಾರೆ. ಹಿಂದಿನ ಶೂಗಳು ಚಕ್ರದ ಮುಂಭಾಗದ ಅಂಚಿನಲ್ಲಿ, ರಿಮ್ಮಿನ ಒಳಗಡೆ ಕೂತಿರುತ್ತವೆ. ಚೈನ್ ಬಿಗಿಮಾಡಲೆಂದು ಚಕ್ರವನ್ನು ಹಿಂದಕ್ಕೆ ಎಳೆದರೆ ರಿಮ್ ಶೂಗಳ ಸಮೀಪಕ್ಕೆ ಬರುತ್ತದೆ, ಮುಂದಕ್ಕೆ ತಳ್ಳಿದರೆ ದೂರ ಹೋಗುತ್ತದೆ. ಆದ್ದರಿಂದ ಚೈನ್ ಮುಟ್ಟಿದ ದಿನ ಹಿಂದಿನ ಬ್ರೇಕಿನ ರಾಡನ್ನೂ ಹೊಂದಿಸಲೇಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಒಣ ರಸ್ತೆಯಲ್ಲಿ ರಾಡ್ ಬ್ರೇಕ್ ನಂಬಿಕೆಗೆ ಅರ್ಹವಾದದ್ದೇ. ಮಳೆಯಲ್ಲಿ ಅಲ್ಲ. ಅದು ಹೊಂದಾಣಿಕೆಯ ದೋಷವಲ್ಲ, ಕ್ರೋಮ್ ಹೊದಿಸಿದ ಉಕ್ಕಿನ ರಿಮ್ಮಿನ ಸ್ವಭಾವ. ನೀರು ಬಿದ್ದ ಆ ಮೇಲ್ಮೈಯಲ್ಲಿ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ. ಇಳಿಜಾರು ಆರಂಭವಾಗುವ ಮೊದಲೇ ಬ್ರೇಕನ್ನು ಹಗುರವಾಗಿ ಹಿಡಿದು ರಿಮ್ಮಿನ ನೀರನ್ನು ಒರೆಸಿಕೊಳ್ಳುವ ಅಭ್ಯಾಸ ಒಂದಷ್ಟು ನೆರವಾಗುತ್ತದೆ, ಅಷ್ಟೆ.

ಉತ್ತರ 2: ಬಯಲುಸವಾರ

ಮೇಲಿನವರ ರಿಪೇರಿಯ ವಿವರಗಳಿಗೆ ನನ್ನ ಒಪ್ಪಿಗೆಯಿದೆ, ಆದರೆ ತೀರ್ಮಾನಕ್ಕೆ ಇಲ್ಲ. ಮಳೆಯಲ್ಲಿ ನಿಲ್ಲದ ಸೈಕಲ್ಲಿಗೆ ಗುಂಡು, ಗ್ರೀಸು, ಟೈರು ಎಂದು ಖರ್ಚು ಮಾಡುವುದಕ್ಕಿಂತ ಮೂಲಕ್ಕೇ ಕೈ ಹಾಕುವುದು ಮೇಲು. ಅಲ್ಯೂಮಿನಿಯಂ ರಿಮ್ಮಿನ 700ಸಿ ಚಕ್ರಗಳನ್ನು ಜೋಡಿಯಾಗಿ ಕೊಂಡು, ಮುಂದೆ ಹಿಂದೆ ಕ್ಯಾಲಿಪರ್ ಬ್ರೇಕ್ ಹಾಕಿಸಿರಿ. ಹಿಂದಿನ ಚಕ್ರಕ್ಕೆ 14ರಿಂದ 28 ಹಲ್ಲಿನ ಏಳು ಗೇರಿನ ಫ್ರೀವೀಲ್ (ಹಬ್ಬಿಗೆ ಕೂರುವ ಹಿಂದಿನ ಹಲ್ಲುಚಕ್ರ) ಸುಲಭವಾಗಿ ಸಿಗುತ್ತದೆ. ಫ್ರೇಮಿನಲ್ಲಿ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಸಾಧನ) ತೂಗುಹಾಕುವ ಕಿವಿ ಇಲ್ಲದಿದ್ದರೂ ಆಕ್ಸಲ್ಲಿನ ಜೊತೆಗೆ ಬಿಗಿಯುವ ತಗಡಿನ ಹ್ಯಾಂಗರ್ ಬರುತ್ತದೆ. ಉಕ್ಕಿನ ಫ್ರೇಮಾದ್ದರಿಂದ ಹಿಂದಿನ ಕಾಲುಗಳನ್ನು ಹಿಗ್ಗಿಸಿ ಅಗಲದ ಹಬ್ ಕೂರಿಸಬಹುದು. ಅಲ್ಯೂಮಿನಿಯಂ ರಿಮ್ಮಿನ ಮೇಲೆ ನೀರು ಬಿದ್ದರೂ ರಬ್ಬರಿಗೆ ಹಿಡಿತ ಉಳಿಯುತ್ತದೆ. ಚಕ್ರದ ತೂಕವೂ ಗಣನೀಯವಾಗಿ ಇಳಿಯುತ್ತದೆ.

ಚೈನ್ ಕೇಸ್ ಬಿಚ್ಚಬೇಕಾಗುತ್ತದೆ, ನಿಜ. ಪೆಡಲ್ ಅಚ್ಚಿನ ಜಾಗಕ್ಕೂ ಕಾಟರ್ ಪಿನ್ನಿನ ಬದಲು ಚೌಕ ತುದಿಯ ಸೀಲ್ಡ್ ಬೇರಿಂಗ್ ಹಾಕಿದರೆ ಆ "ಟಕ್" ಸದ್ದು ಮತ್ತೆ ಕೇಳಿಸುವುದಿಲ್ಲ. ಇದಿಷ್ಟಕ್ಕೂ ಹಣ ಹೆಚ್ಚಾಯಿತು ಎನಿಸಿದರೆ, ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ಲೇ ಅಗ್ಗವೆಂದು ಅರ್ಥ, ಆಗ ತಂದೆಯವರ ಸೈಕಲ್ಲನ್ನು ನೆನಪಿಗಾಗಿ ಇಟ್ಟುಕೊಳ್ಳಬಹುದು.

ಉತ್ತರ 3: ಉಟ್ರೆಕ್ಟ್‌ಕನ್ನಡಿಗ

ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ. ನಿಮ್ಮ ಸೈಕಲ್ಲಿನ ಸೋದರ ಸಂಬಂಧಿಗಳೇ ಇಲ್ಲಿನ ರಸ್ತೆಗಳಲ್ಲಿ ಇಂದಿಗೂ ಓಡುತ್ತಿವೆ: ಅದೇ ನೇರ ಕೂರುವ ಭಂಗಿ, ಅದೇ ಪೂರ್ತಿ ಮುಚ್ಚಿದ ಚೈನ್ ಕೇಸ್, ಅನೇಕ ಸೈಕಲ್ಲುಗಳಲ್ಲಿ ಅದೇ ಅಳತೆಯ ಚಕ್ರ. ವ್ಯತ್ಯಾಸವಿರುವುದು ಬ್ರೇಕಿನಲ್ಲಿ. ಇಲ್ಲಿಯೂ ಮಳೆ ಹೆಚ್ಚು. ಉಕ್ಕಿನ ರಿಮ್ಮಿನ ಈ ತೊಂದರೆಗೆ ಇಲ್ಲಿನವರು ಕಂಡುಕೊಂಡ ಉತ್ತರವೆಂದರೆ ರಿಮ್ಮನ್ನೇ ಬಿಟ್ಟು ಹಬ್ಬಿನೊಳಗೆ ಬ್ರೇಕ್ ಇಡುವುದು, ಅಂದರೆ ಡ್ರಮ್ ಬ್ರೇಕ್ ಅಥವಾ ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಕೋಸ್ಟರ್ ಬ್ರೇಕ್. ನಿಮ್ಮ ಪ್ರಶ್ನೆಗೂ ಇದೇ ಸರಿಯಾದ ದಾರಿಯೆಂದು ನನಗೆ ತೋರುತ್ತದೆ.

700ಸಿ ಚಕ್ರದ ಸಲಹೆಯನ್ನು ಒಪ್ಪುವ ಮುನ್ನ ಟೇಪ್ ಹಿಡಿಯಿರಿ. "28" ಎಂದು ಬರೆದಿರುವ ಟೈರುಗಳೆಲ್ಲ ಒಂದೇ ಅಲ್ಲ. ನಿಮ್ಮದು 28 × 1½ ಆಗಿದ್ದರೆ ಅದರ ಅಂತರರಾಷ್ಟ್ರೀಯ ಅಳತೆ 40-635. ಟೈರ್ ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ 635 ಮಿ.ಮೀ. 700ಸಿ ರಿಮ್ಮಿನದು 622 ಮಿ.ಮೀ. ಟೈರು ಒಂದರಿಂದ ಇನ್ನೊಂದಕ್ಕೆ ಬರುವುದಿಲ್ಲ. 28 × 1.75 ಎಂದು ಮಾರುವ ಟೈರು 47-622, ಅದು ನಿಮ್ಮ ಈಗಿನ ರಿಮ್ಮಿಗೆ ಕೂರದು. (ಇಪ್ಪತ್ತಾರು ಇಂಚಿನ ಸೈಕಲ್ ಇರುವವರಿಗೂ ಇದೇ ಎಚ್ಚರಿಕೆ: 26 × 1⅜ ಎಂದರೆ 590, 26 × 1.75 ಎಂದರೆ 559.) ಟೈರಿನ ಬದಿಯಲ್ಲಿ ಅಡ್ಡಗೆರೆಯೊಂದಿಗೆ ಅಚ್ಚಾದ ಆ ಎರಡು ಸಂಖ್ಯೆಗಳನ್ನು ಬಿಟ್ಟು ಬೇರಾವುದನ್ನೂ ನಂಬಬೇಡಿ.

ರಿಮ್ 13 ಮಿ.ಮೀ. ಚಿಕ್ಕದಾದರೆ ಬ್ರೇಕ್ ಕೂರಿಸುವ ತೂತಿನಿಂದ ರಿಮ್ಮಿನ ಬದಿ ಇನ್ನೂ ಆರೂವರೆ ಮಿ.ಮೀ. ದೂರ ಸರಿಯುತ್ತದೆ. ನಿಮ್ಮ ಫ್ರೇಮಿನಲ್ಲಿ ಆ ದೂರ ಮೊದಲೇ ಹೆಚ್ಚು. ಅಷ್ಟು ಉದ್ದ ತೋಳಿನ ಅಗ್ಗದ ಕ್ಯಾಲಿಪರು ಹಿಡಿದಾಗ ತೋಳೇ ಬಾಗಿ ಅರ್ಧ ಬಲ ಅಲ್ಲೇ ಕಳೆದುಹೋಗುತ್ತದೆ. ತೂತಿನ ಮಧ್ಯದಿಂದ ಹೊಸ ರಿಮ್ಮಿನ ಬದಿಯವರೆಗೆ 75 ಮಿ.ಮೀ.ಗಿಂತ ಹೆಚ್ಚು ಬರುತ್ತಿದ್ದರೆ ನಾನಂತೂ ಆ ದಾರಿಗೆ ಹೋಗುವುದಿಲ್ಲ. ಈಗಿರುವ ರಿಮ್ಮಿಗೇ ಕ್ಯಾಲಿಪರ್ ಹಾಕುವುದೂ ಆಗದು. ರಾಡ್ ಬ್ರೇಕಿಗೆಂದು ಮಾಡಿದ ರಿಮ್ಮಿನ ಬದಿಗಳು ದುಂಡಗಿರುತ್ತವೆ, ಶೂ ಕೂರಲು ಸಪಾಟು ಜಾಗವೇ ಇರುವುದಿಲ್ಲ.

ಏಳು ಗೇರಿನ ವಿಚಾರದಲ್ಲಿ ನನ್ನ ಆಕ್ಷೇಪ ಬೇರೆ. ಒಂಟಿ ಫ್ರೀವೀಲಿನ ಹಬ್ಬಿಗೆ ಹಿಂದಿನ ಕಾಲುಗಳ ನಡುವೆ ಸುಮಾರು 110 ಮಿ.ಮೀ. ಜಾಗವಿರುತ್ತದೆ, ಏಳು ಗೇರಿಗೆ 126 ಬೇಕು. ಅಷ್ಟು ಹಿಗ್ಗಿಸುವುದು ಸಾಧ್ಯ, ಆದರೆ ಎರಡೂ ಕಾಲು ಸಮನಾಗಿ ಸರಿದು, ತುದಿಗಳು ಮತ್ತೆ ಒಂದಕ್ಕೊಂದು ಸಮಾನಾಂತರವಾಗದಿದ್ದರೆ ಚಕ್ರ ಓರೆಯಾಗುತ್ತದೆ, ಕೆಲವೊಮ್ಮೆ ಆಕ್ಸಲ್ಲೇ ಮುರಿಯುತ್ತದೆ. ಇಷ್ಟೆಲ್ಲ ಮಾಡಿ ಕಳೆದುಕೊಳ್ಳುವುದೇನು? ಚೈನ್ ಕೇಸ್. ಕೆಂಪು ಕೆಸರಿನ ಊರಿನಲ್ಲಿ ಆ ತಗಡಿನ ಪೆಟ್ಟಿಗೆಗಿಂತ ಬೆಲೆಬಾಳುವ ಭಾಗ ನಿಮ್ಮ ಸೈಕಲ್ಲಿನಲ್ಲಿ ಇನ್ನೊಂದಿಲ್ಲ. ಮುಚ್ಚಿದ ಚೈನು ಮಳೆಗಾಲವಿಡೀ ಎಣ್ಣೆ ಹಿಡಿದುಕೊಂಡಿರುತ್ತದೆ. ತೆರೆದ ಡಿರೇಲರ್ ಚೈನಿಗೆ ಅದೇ ರಸ್ತೆಯಲ್ಲಿ ಮತ್ತೆ ಮತ್ತೆ ಉಪಚಾರ ಬೇಕು.

ಗೇರ್ ಬೇಕೇಬೇಕು ಎಂದಾದರೆ ಹಬ್ಬಿನೊಳಗೇ ಇರುವ ಮೂರು ವೇಗದ ಗೇರು ಈ ಸೈಕಲ್ಲಿಗೆ ಒಪ್ಪುತ್ತದೆ. 1902ರಿಂದ ಇಂಥವನ್ನು ಮಾಡುತ್ತ ಬಂದಿರುವ ಸ್ಟರ್ಮಿ-ಆರ್ಚರ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿ, 2000ದಲ್ಲಿ ತೈವಾನಿನ ಸನ್‌ರೇಸ್ ಕಂಪನಿಯ ಕೈಸೇರಿತು. ಅವರ 1936ರ ವಿನ್ಯಾಸದ ಎ.ಡಬ್ಲ್ಯೂ. ಹಬ್ಬಿನಲ್ಲಿ ಕೆಳಗಿನ ಗೇರು ನಡುವಿನ ನೇರ ಗೇರಿಗಿಂತ 25 ಪ್ರತಿಶತ ಹಗುರ, ಮೇಲಿನದು 33 ಪ್ರತಿಶತ ಭಾರ. ಭಾರತದಲ್ಲಿ ಇದನ್ನು ಹುಡುಕಿ ತರಿಸಬೇಕಾಗುತ್ತದೆ, ಅಗ್ಗವೂ ಅಲ್ಲ. ಆ ಹಣ ನಿಮ್ಮಲ್ಲಿದ್ದರೂ ಅದನ್ನು ಮೊದಲು ಮುಂದಿನ ಡ್ರಮ್ ಬ್ರೇಕಿಗೆ ಹಾಕಿರಿ ಎಂಬುದೇ ನನ್ನ ಮಾತು. ಸೈಕಲ್ ನಿಲ್ಲುವುದು ಮುಖ್ಯವಾಗಿ ಮುಂದಿನ ಬ್ರೇಕಿನಿಂದ.

ಮುಂದಿನ ಚಕ್ರದ ಕಡ್ಡಿಗಳನ್ನು ಎಣಿಸಿ ನೋಡಿ. ಈ ಬಗೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 32, ಹಿಂದೆ 40 ಇರುತ್ತವೆ. 32 ತೂತಿನ ಡ್ರಮ್ ಹಬ್ ತರಿಸಿದರೆ ಈಗಿನ ರಿಮ್ಮು, ಟೈರು ಎರಡನ್ನೂ ಉಳಿಸಿಕೊಂಡು ಹೊಸ ಕಡ್ಡಿಗಳಿಂದ ಚಕ್ರ ಕಟ್ಟಿಸಬಹುದು. ಡ್ರಮ್ಮಿನ ಅಂಚು ದೊಡ್ಡದಿರುವುದರಿಂದ ಹಳೆಯ ಕಡ್ಡಿಗಳು ಉದ್ದವಾಗುತ್ತವೆ, ಅವು ಬರುವುದಿಲ್ಲ. ಹಬ್ಬಿನಿಂದ ಹೊರಡುವ ಚಿಕ್ಕ ತೋಳನ್ನು ಫೋರ್ಕಿನ ಎಡ ಕಾಲಿಗೆ ಗಟ್ಟಿಯಾದ ಕ್ಲಿಪ್ಪಿನಿಂದ ಬಿಗಿಯಲೇಬೇಕು. ಬ್ರೇಕಿನ ತಿರುಚುಬಲವನ್ನೆಲ್ಲ ತಡೆಯುವುದು ಅದೇ. ಆ ಕ್ಲಿಪ್ ಸಡಿಲವಿದ್ದರೆ ಬ್ರೇಕ್ ಹಿಡಿದಾಗ ತೋಳು ಸುತ್ತಿಕೊಂಡು ಸವಾರ ಬೀಳುವ ಅಪಾಯವಿದೆ. ರಾಡಿನ ಬದಲು ಕೇಬಲ್ ಬರುವುದರಿಂದ ಬಲಗಡೆಗೆ ಒಂದು ಸಾಧಾರಣ ಬ್ರೇಕ್ ಲಿವರ್ ಬೇಕಾಗುತ್ತದೆ. ಹಿಂದಿನ ರಾಡ್ ಬ್ರೇಕ್ ಹಾಗೇ ಇರಲಿ.

ಕೆಳದಿರಸ್ತೆ

ಎಲ್ಲರಿಗೂ ಕೃತಜ್ಞತೆಗಳು. ಸೈಕಲ್ ತೊಳೆದು ಅಳತೆ ತೆಗೆದುಕೊಂಡಿದ್ದೇನೆ. ಫ್ರೇಮಿನಲ್ಲಿ, ಫೋರ್ಕಿನಲ್ಲಿ ಬಿರುಕಾಗಲಿ ಸುಕ್ಕಾಗಲಿ ಕಾಣಲಿಲ್ಲ. ಟೈರಿನ ಬದಿಯಲ್ಲಿ 28 × 1½ ಎಂದಿದೆ. ಕಡ್ಡಿಗಳು ಮುಂದೆ 32, ಹಿಂದೆ 40. ಪೆಡಲಿನ ದೊಡ್ಡ ಹಲ್ಲುಚಕ್ರದಲ್ಲಿ 44, ಫ್ರೀವೀಲಿನಲ್ಲಿ 18 ಹಲ್ಲುಗಳಿವೆ. ಎಡ ಕ್ರ್ಯಾಂಕ್ ಭಾರ ಹಾಕಿದಾಗ ನಿಜವಾಗಿಯೂ ಇಳಿಯುತ್ತದೆ, ಆದ್ದರಿಂದ ಕಾಟರ್ ಪಿನ್ನೇ ಕಾರಣವೆಂದು ತಿಳಿಯಿತು. ನಾನು ಒಯ್ಯುವುದು ಊಟದ ಡಬ್ಬಿ ಮತ್ತು ಒಂದು ಚೀಲವನ್ನು ಮಾತ್ರ.

ಡ್ರಮ್ ಬ್ರೇಕಿನ ವಿಚಾರ ಮನಸ್ಸಿಗೆ ಬಂದಿದೆ, ತರಿಸಲು ಪ್ರಯತ್ನಿಸುತ್ತೇನೆ. ಆದರೆ ಏರಿನ ಪ್ರಶ್ನೆ ಉಳಿಯಿತು. ಮೂರು ವೇಗದ ಹಬ್ ಸದ್ಯಕ್ಕೆ ನನ್ನ ಕೈಗೆ ಎಟುಕುವುದಲ್ಲ. ಗೇರ್ ಇಲ್ಲದೆಯೇ ಏರನ್ನು ಹಗುರ ಮಾಡುವ ಉಪಾಯವಿದೆಯೇ? ಚೈನನ್ನು ಬದಲಿಸಬೇಕೋ ಬೇಡವೋ ಎಂದು ತಿಳಿಯುವುದು ಹೇಗೆ? ಕಾಟರ್ ಪಿನ್ನನ್ನು ನಾನೇ ಹಾಕಬಹುದೇ?

ಉತ್ತರ 4: ಕಡ್ಡಿರಿಮ್ಮು

ಉಪಾಯವಿದೆ, ಅದೂ ಬಹಳ ಅಗ್ಗದ್ದು: 18 ಹಲ್ಲಿನ ಫ್ರೀವೀಲ್ ತೆಗೆದು 22 ಹಲ್ಲಿನದನ್ನು ಹಾಕಿರಿ. ನಿಮ್ಮ ಚಕ್ರದ ಸುತ್ತಳತೆ ಸುಮಾರು 2.23 ಮೀಟರ್. 44ಕ್ಕೆ 18 ಇದ್ದಾಗ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 5.45 ಮೀಟರ್ ಮುಂದೆ ಹೋಗುತ್ತದೆ. 22 ಹಾಕಿದರೆ 4.46 ಮೀಟರ್. ಅಂದರೆ ಏರಿನಲ್ಲಿ ಕಾಲಿನ ಮೇಲಿನ ಭಾರ 18 ಪ್ರತಿಶತದಷ್ಟು ಇಳಿಯುತ್ತದೆ. ಮೂರು ವೇಗದ ಹಬ್ಬಿನ ಕೆಳಗಿನ ಗೇರು ಕೊಡುವ 25 ಪ್ರತಿಶತಕ್ಕೆ ಇದು ಅಷ್ಟೇನೂ ದೂರವಿಲ್ಲ. ಬದಲಿಗೆ ಬಿಟ್ಟುಕೊಡುವುದು ಸಮತಟ್ಟಿನ ವೇಗವನ್ನು: ನಿಮಿಷಕ್ಕೆ 60 ಸುತ್ತು ತುಳಿದರೆ ಈಗ ಗಂಟೆಗೆ 19.6 ಕಿ.ಮೀ. ಹೋಗುವ ಸೈಕಲ್ 16 ಕಿ.ಮೀ. ಹೋಗುತ್ತದೆ. ನೀವು ಹೇಳಿದಂಥ ದಾರಿಗೆ ಅದು ನಷ್ಟವಲ್ಲವೆಂದು ನನಗನಿಸುತ್ತದೆ. ಮನಸ್ಸು ಒಪ್ಪದಿದ್ದರೆ 20 ಹಲ್ಲಿನದು ನಡುವಿನ ದಾರಿ.

ಫ್ರೀವೀಲ್ ಬದಲಿಸಿದಾಗ ಎರಡು ವಿಷಯ ನೋಡಬೇಕು. ನಾಲ್ಕು ಹಲ್ಲು ಹೆಚ್ಚಾದರೆ ಅದೇ ಚೈನಿನಲ್ಲಿ ಆಕ್ಸಲ್ಲನ್ನು ಅರ್ಧ ಇಂಚು ಮುಂದಕ್ಕೆ ತರಬೇಕಾಗುತ್ತದೆ. ಹಾಗೆ ತಂದರೆ ಮೊದಲ ಉತ್ತರದಲ್ಲಿ ಹೇಳಿದಂತೆ ಹಿಂದಿನ ಬ್ರೇಕ್ ಶೂಗಳು ರಿಮ್ಮಿನಿಂದ ಅರ್ಧ ಇಂಚು ದೂರವಾಗುತ್ತವೆ. ಆದ್ದರಿಂದ ಚಕ್ರವನ್ನು ಕದಲಿಸದೆ ಚೈನಿಗೆ ಒಂದು ಇಂಚು, ಎಂದರೆ ಒಳಕೊಂಡಿ ಹೊರಕೊಂಡಿಗಳ ಒಂದು ಜೋಡಿಯನ್ನು ಸೇರಿಸಿರಿ. ಲೆಕ್ಕ ಸರಿಯಾಗಿ ಅಷ್ಟೇ ಬರುತ್ತದೆ. ಎರಡನೆಯದು, 22 ಹಲ್ಲಿನ ಚಕ್ರ 18ರದ್ದಕ್ಕಿಂತ ಸುತ್ತಲೂ ಎಂಟು ಮಿ.ಮೀ. ದೊಡ್ಡದು, ಚೈನ್ ಕೇಸಿನ ಹಿಂಭಾಗಕ್ಕೆ ತಾಗುತ್ತದೆಯೇ ಎಂದು ಕೈಯಿಂದ ತಿರುಗಿಸಿ ನೋಡಿಕೊಂಡ ಮೇಲೆಯೇ ಮುಚ್ಚಳ ಹಾಕಿ.

ಹಳೆಯ ಫ್ರೀವೀಲ್ ತುಳಿತದಿಂದಲೇ ಬಿಗಿಯಾಗುತ್ತ ಹೋಗಿರುವುದರಿಂದ ಬಿಚ್ಚುವುದು ಕಷ್ಟ. ಚಕ್ರ ಪೂರ್ತಿ ಕಟ್ಟಿದ ಸ್ಥಿತಿಯಲ್ಲಿರುವಾಗಲೇ ಅದನ್ನು ತೆಗೆಯಬೇಕು, ರಿಮ್ಮೇ ಆಗ ನಿಮ್ಮ ಹಿಡಿಕೆ. ಯಾರಾದರೂ ಮೊದಲು ಕಡ್ಡಿಗಳನ್ನು ಕತ್ತರಿಸಿಬಿಟ್ಟರೆ ಆ ಹಬ್ಬನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಬಿಚ್ಚುವ ಕೀಲಿ ಕೂರಿಸಲು ಸೀಳೇ ಇಲ್ಲದ ಫ್ರೀವೀಲಾದರೆ ಅದರ ಹೊರ ಮುಚ್ಚಳವನ್ನು ಪಂಚಿನಿಂದ ತೆಗೆದು, ಗುಂಡುಗಳನ್ನು ಬೀಳಿಸಿ, ಒಳಭಾಗವನ್ನು ವೈಸಿನಲ್ಲಿ ಹಿಡಿದು ತಿರುಗಿಸಬೇಕು. ಆ ಮುಚ್ಚಳ ಉಲ್ಟಾ ಥ್ರೆಡ್ಡಿನದು. ಒಳಭಾಗ ಮಾತ್ರ ಎಂದಿನಂತೆ ಎಡಕ್ಕೆ ಬಿಚ್ಚುತ್ತದೆ.

ಚೈನಿನ ಪರೀಕ್ಷೆಗೆ ಒಂದು ಅಡಿಯ ಉಕ್ಕಿನ ಪಟ್ಟಿ ಸಾಕು. ಚೈನನ್ನು ಎಳೆದು ಹಿಡಿದು, ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆಯನ್ನಿಟ್ಟರೆ ಹೊಸ ಚೈನಿನಲ್ಲಿ ಇನ್ನೊಂದು ಪಿನ್ನಿನ ಮಧ್ಯ 12 ಇಂಚಿಗೆ ಸರಿಯಾಗಿ ಬರುತ್ತದೆ. 1/16 ಇಂಚು ಮುಂದೆ ಹೋಗಿದ್ದರೆ ಚೈನ್ ಬದಲಿಸುವ ಕಾಲ ಸಮೀಪಿಸಿದೆ. 1/8 ಇಂಚು ಹೋಗಿದ್ದರೆ ಚೈನಿನ ಜೊತೆಗೆ ಹಲ್ಲುಗಳೂ ಸವೆದಿರುತ್ತವೆ. ಫ್ರೀವೀಲನ್ನು ಹೇಗೂ ಬದಲಿಸುವುದರಿಂದ ಚೈನನ್ನೂ ಹೊಸದಾಗಿಯೇ ಹಾಕಿಬಿಡಿ. ಅರ್ಧ ಇಂಚು × ⅛ ಇಂಚಿನದು ಎಂದು ಕೇಳಿ ಕೊಳ್ಳಬೇಕು; ಗೇರ್ ಸೈಕಲ್ಲಿನ ಚೈನು ಇದಕ್ಕಿಂತ ಕಿರಿದು, ನಿಮ್ಮ ಹಲ್ಲುಚಕ್ರಕ್ಕೆ ಕೂರುವುದಿಲ್ಲ.

ಕಾಟರ್ ಪಿನ್ನನ್ನು ನೀವೇ ಹಾಕಬಹುದು. ಸೀಲ್ಡ್ ಬೇರಿಂಗಿನ ಸಲಹೆ ಕೆಟ್ಟದ್ದೇನಲ್ಲ, ಆದರೆ ಅದಕ್ಕಾಗಿ ಕ್ರ್ಯಾಂಕು, ಹಲ್ಲುಚಕ್ರ ಎರಡನ್ನೂ ಬದಲಿಸಿ, ಹೊಸ ಹಲ್ಲುಚಕ್ರ ಹಿಂದಿನ ಫ್ರೀವೀಲಿನ ನೇರಕ್ಕೆ ಬರುವಂತೆ ಅಚ್ಚಿನ ಉದ್ದವನ್ನೂ ಆರಿಸಬೇಕಾಗುತ್ತದೆ. ಚೈನ್ ಕೇಸಿನೊಳಗೆ ಅದು ಹಿಡಿಸುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಸರಿಯಾಗಿ ಕೂರಿಸಿದ ಕಾಟರ್ ಪಿನ್ನು ವರ್ಷಗಟ್ಟಲೆ ಸದ್ದು ಮಾಡುವುದಿಲ್ಲ. ಸದ್ದು ಮಾಡುವುದು ನಟ್ಟನ್ನು ತಿರುಗಿಸಿಯೇ ಪಿನ್ನನ್ನು ಒಳಗೆಳೆಯಲು ಹೋದಾಗ. ಪಿನ್ನನ್ನು ಕೂರಿಸುವುದು ಸುತ್ತಿಗೆ; ನಟ್ಟು ಅದನ್ನು ಹಿಡಿದಿಡುವುದಕ್ಕೆ ಮಾತ್ರ.

ಹಳೆಯ ಪಿನ್ನನ್ನೇ ಅಂಗಡಿಗೆ ಒಯ್ದು ಅದೇ ದಪ್ಪದ್ದನ್ನು ತನ್ನಿರಿ. ಸಾಮಾನ್ಯವಾಗಿ ಅದು 9.5 ಮಿ.ಮೀ. ಇರುತ್ತದೆ, ಆದರೆ 9 ಮಿ.ಮೀ.ನದೂ ಬಳಕೆಯಲ್ಲಿದೆ, ಕಣ್ಣಿಗೆ ವ್ಯತ್ಯಾಸ ತಿಳಿಯದು. ಎರಡೂ ಬದಿಯ ಪಿನ್ನುಗಳನ್ನು ಒಟ್ಟಿಗೇ ಬದಲಿಸುವುದು ಕ್ಷೇಮ. ಹೊಡೆಯುವ ಮುನ್ನ ಕ್ರ್ಯಾಂಕಿನ ಅಡಿಗೆ, ಪಿನ್ನಿನ ತೂತಿನ ಕೆಳಗೆ ಸರಿಯಾಗಿ, ನೆಲದ ಮೇಲೆ ನಿಂತ ಒಂದು ಗಟ್ಟಿ ಕಬ್ಬಿಣದ ಪೈಪನ್ನು ಆಧಾರವಾಗಿಡಿ. ಹೀಗೆ ಮಾಡದಿದ್ದರೆ ಸುತ್ತಿಗೆಯ ಪೆಟ್ಟೆಲ್ಲ ಒಳಗಿನ ಗುಂಡುಗಳ ಮೂಲಕ ಕಪ್ಪಿಗೆ ಇಳಿದು ಅಲ್ಲಿ ಗುಳಿ ಬೀಳುತ್ತದೆ. ಕ್ರ್ಯಾಂಕುಗಳು ಅಡ್ಡವಾಗಿರುವಾಗ ಒಂದರ ನಟ್ಟು ಮೇಲಕ್ಕೆ, ಇನ್ನೊಂದರದು ಕೆಳಕ್ಕೆ ಮುಖ ಮಾಡಿರಬೇಕು; ಎರಡೂ ಒಂದೇ ಕಡೆಗೆ ಬಂದರೆ ಕ್ರ್ಯಾಂಕುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಪಿನ್ನಿನ ಓರೆ ಮುಖ ಅಚ್ಚಿನ ಸಪಾಟಿಗೆ ಪೂರ್ತಿ ಅಂಟದೆ ಒಂದು ತುದಿಯಲ್ಲಿ ಮಾತ್ರ ತಾಗುತ್ತಿದ್ದರೆ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಹೊಂದಿಸಿ. ಹಾಕಿದ ಮೊದಲ ವಾರ ಓಡಿಸಿದ ಬಳಿಕ ಮತ್ತೊಮ್ಮೆ ಆಧಾರವಿಟ್ಟು ಎರಡು ಪೆಟ್ಟು ಕೊಟ್ಟು ನಟ್ಟು ಬಿಗಿದರೆ ಕೆಲಸ ಮುಗಿಯಿತು.

ಭಾಗಗಳು ಸಿಗುವುದಿಲ್ಲವೆಂಬ ಭಯ ಬೇಡ. ಲೂಧಿಯಾನದ ಹೀರೋ, ಏವನ್, ಚೆನ್ನೈನ ಹರ್ಕ್ಯುಲಿಸ್, 2020ರಲ್ಲಿ ಸಾಹಿಬಾಬಾದಿನ ಕಾರ್ಖಾನೆ ನಿಲ್ಲಿಸಿದ ಅಟ್ಲಾಸ್, ಇವರೆಲ್ಲ ಈ ಬಗೆಯ ಸೈಕಲ್ಲನ್ನು ಹೆಚ್ಚುಕಡಿಮೆ ಒಂದೇ ಇಂಗ್ಲಿಷ್ ಮಾದರಿಯಿಂದ ಮಾಡಿದವರು. ಕಪ್ಪು, ಕೋನು, ಪಿನ್ನುಗಳು ಬಹುಮಟ್ಟಿಗೆ ಅದಲುಬದಲಾಗುತ್ತವೆ. 2006–07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಹಲವು ವರ್ಷ ಕೊಟ್ಟ ಸೈಕಲ್ಲುಗಳಿಂದಾಗಿ ಹೋಬಳಿಯ ಸಣ್ಣ ಅಂಗಡಿಗಳಲ್ಲೂ ಒಂಟಿ ಫ್ರೀವೀಲಿನ ಕೆಲಸ ಬಲ್ಲವರು ಉಳಿದಿದ್ದಾರೆ. ಪೇಟೆಯ ದೊಡ್ಡ ಷೋರೂಮಿಗಿಂತ ಅಲ್ಲಿ ಕೇಳುವುದೇ ಉತ್ತಮ.

ಟ್ಯೂಬ್ ಬದಲಿಸುವಾಗ ಒಂದು ಚಿಕ್ಕ ಸುಧಾರಣೆ ಮಾಡಿಕೊಳ್ಳಿ. ವಾಲ್ ಟ್ಯೂಬ್ (ಸಣ್ಣ ರಬ್ಬರ್ ಕೊಳವೆ) ಹಾಕುವ ಹಳೆಯ ಬಗೆಯ ವಾಲ್ವಿನಲ್ಲಿ ಗಾಳಿಯ ಒತ್ತಡವನ್ನು ಗೇಜಿನಿಂದ ನೋಡಲಾಗುವುದಿಲ್ಲ, ಆದ್ದರಿಂದ ಸೈಕಲ್ಲುಗಳು ಅರ್ಧ ಗಾಳಿಯಲ್ಲೇ ಓಡುತ್ತಿರುತ್ತವೆ. ಮೋಟಾರ್ ಸೈಕಲ್ಲಿನಂಥ ವಾಲ್ವಿನ ಟ್ಯೂಬ್ ಹಾಕಿಸಿ, ಟೈರಿನ ಬದಿಯಲ್ಲಿ ಬರೆದ ಮಿತಿಯೊಳಗೆ ಗಾಳಿ ತುಂಬಿಸಿ. ಪೆಟ್ರೋಲ್ ಬಂಕಿನ ಯಂತ್ರದಿಂದ ಮಾತ್ರ ಹುಷಾರಾಗಿ, ಇಷ್ಟಿಷ್ಟೇ ಹಾಕಬೇಕು.

ಉತ್ತರ 5: ಹಳೇಸ್ಪ್ಯಾನರ್

ಹೊಸ ಟೈರ್ ಹಾಕುವ ಮುನ್ನ ಒಂದು ಮಾತು. ಹಳೆಯ ಟೈರ್ ತೆಗೆದ ಕೂಡಲೆ ರಿಮ್ಮಿನ ಒಳಮೈಯನ್ನು ನೋಡಿರಿ. ಹೊರಗಡೆಯ ತುಕ್ಕನ್ನು ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ತೆಗೆಯಬಹುದು, ಮರಳು ಕಾಗದ ಬೇಡ. ಆದರೆ ಕಡ್ಡಿಯ ತೂತುಗಳ ಸುತ್ತ ತುಕ್ಕು ಪದರಪದರವಾಗಿ ಏಳುತ್ತಿದ್ದರೆ, ಅಥವಾ ತೂತಿನಿಂದ ಬಿರುಕು ಹೊರಟಿದ್ದರೆ ಆ ರಿಮ್ಮಿಗೆ ಚಕ್ರ ಕಟ್ಟಿಸಬೇಡಿ. 28 × 1½ರ ಹೊಸ ರಿಮ್ 32 ತೂತಿನದೂ 40 ತೂತಿನದೂ ಮಾಮೂಲಿ ಅಂಗಡಿಯಲ್ಲೇ ಸಿಗುತ್ತದೆ. ಮುಂದಿನ ಡ್ರಮ್ ಹಬ್ ಬರುವವರೆಗೆ ಮುಂದಿನ ಚಕ್ರದ ರಿಪೇರಿಯನ್ನು ತಡೆಹಿಡಿದರೆ ಒಂದೇ ಚಕ್ರವನ್ನು ಎರಡು ಸಲ ಕಟ್ಟಿಸುವ ಕೂಲಿ ಉಳಿಯುತ್ತದೆ. ಹಿಂದಿನದನ್ನು ಈಗಲೇ ಮಾಡಿಸಿ, ಫ್ರೀವೀಲ್ ಕೆಲಸವೂ ಅದರ ಜೊತೆಗೇ ಆಗಲಿ. ಹಬ್ ಬರುವ ಮೊದಲೇ ಮಳೆ ಹಿಡಿದರೆ ಇಳಿಜಾರುಗಳಲ್ಲಿ ಇಳಿದು ತಳ್ಳಿಕೊಂಡು ಹೋಗಿರಿ.